ತಂಗಿಯ ಹೆಸರಿನ ಸೂಜಿ

ಜನವರಿ ೧೨

ಬಾಲಾ,

ನಿನ್ನ ಕಾಗದವನ್ನು ನಾನು ಎರಡು ಸಲ ಓದಿದೆ, ಅಮ್ಮ ನಾಲ್ಕು ಸಲ. ನನ್ನ ಹೆಸರಿಗೆ ಬಂದದ್ದನ್ನು ನೀನೇಕೆ ಒಡೆದೆ ಎಂದು ಕೇಳಿದರೆ, "ಅಂಟು ಸರಿಯಾಗಿ ಹತ್ತಿರ್ಲಿಲ್ಲ, ಅದೇ ತೆರ್ಕೊಂಡ್ತು" ಎಂದಳು. ಅಮ್ಮನ ತುಟಿ ಓದುವುದು ನನಗೆ ಸುಲಭ. ಸುಳ್ಳು ಹೇಳುವಾಗ ಇನ್ನೂ ಸುಲಭ, ಆಗ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾಳೆ.

ಇಲ್ಲಿ ಹಲ್ಲಿನ ಕೆಲಸ ಜೋರು. ಈ ವಾರ ನಿವೃತ್ತ ನ್ಯಾಯಾಧೀಶರೊಬ್ಬರಿಗೆ ಮೇಲಿನದೂ ಕೆಳಗಿನದೂ ಪೂರ್ತಿ ಕಟ್ಟುಹಲ್ಲಿನ ಸೆಟ್ ಮಾಡಿದೆ. ಮೇಣದಲ್ಲಿ ಕೂರಿಸಿ ನೋಡಿದಾಗ ನಗು ತುಸು ಹೆಚ್ಚೇ ಆಗಿತ್ತು, ನಲವತ್ತು ವರ್ಷ ನಗದವರಿಗೆ ಇಷ್ಟು ನಗು ಒಗ್ಗುವುದಿಲ್ಲ ಎಂದು ಮುಂದಿನ ನಾಲ್ಕನ್ನು ಸ್ವಲ್ಪ ಒಳಗೆ ತಳ್ಳಿದೆ. ಬೆಳಗ್ಗೆ ಹತ್ತರ ಬಿಸಿಲು ಕಿಟಕಿಯಿಂದ ಇಳಿದಾಗ ಪ್ಲಾಸ್ಟರಿನ ಪುಡಿಯೆಲ್ಲ ಗಾಳಿಯಲ್ಲಿ ನಿಂತುಬಿಡುತ್ತದೆ. ಗೂಡುಗಳಲ್ಲಿ ಸಾಲಾಗಿ ಇಟ್ಟ ಅಚ್ಚಿನ ದವಡೆಗಳು ಏನನ್ನೋ ಹೇಳಲು ಬಾಯಿ ತೆರೆದು ಮರೆತುಹೋದ ಹಾಗೆ ಕಾಣುತ್ತವೆ. ಆ ಹೊತ್ತಿನಲ್ಲಿ ನಾನು ಕೆಲಸ ಬಿಟ್ಟು ಸುಮ್ಮನೆ ನೋಡುತ್ತಾ ಕೂರುತ್ತೇನೆ. ಯಜಮಾನರು ಬಂದು ಭುಜ ತಟ್ಟುವವರೆಗೂ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಹಲ್ಲು ತಲುಪಿಸಲು ಆಸ್ಪತ್ರೆಗೆ ಹೋದಾಗ ಗೋಡೆಯ ಮೇಲೆ ಹೊಸ ಚಿತ್ರ ಅಂಟಿಸಿದ್ದರು. ಮಗು ಬೇಕೆನ್ನುವ ಹೆಂಗಸರು ಮೊದಲೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ರುಬೆಲ್ಲಾಗೆ ತಡೆಶಕ್ತಿ ಇದೆಯೋ ಇಲ್ಲವೋ ತಿಳಿದುಕೊಳ್ಳಿ, ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಂಡು ಒಂದು ತಿಂಗಳು ಬಿಟ್ಟು ಮುಂದಿನ ಯೋಚನೆ ಮಾಡಿ ಎಂದು ಬರೆದಿತ್ತು. ರುಬೆಲ್ಲಾ ಎಂದರೆ ನಮ್ಮ ಅಮ್ಮನ "ಮೂರು ದಿನದ ಜ್ವರ" ಕಣೆ. ನಾನು ಹೊಟ್ಟೆಯಲ್ಲಿದ್ದಾಗ ಬಂದು ಹೋದದ್ದು. ಅಮ್ಮನ ಮೈಮೇಲೆ ನಾಲ್ಕು ಗುಲಾಬಿ ಗುಳ್ಳೆ ಎಬ್ಬಿಸಿ ತೆಪ್ಪಗೆ ಹೋಯಿತು, ಹೋಗುವಾಗ ನನ್ನ ಎರಡು ಕಿವಿ ತೆಗೆದುಕೊಂಡು ಎದೆಯಲ್ಲೊಂದು ತೂತು ಬಿಟ್ಟಿತು.

ಮದುವೆಯಾಗಿ ಎರಡು ವರ್ಷವಾಯಿತು. ನೀನು ಮತ್ತು ಲಿಫ್ಟು ರಿಪೇರಿ ಮಾಡುವ ನಿನ್ನ ಲಿಫ್ಟಪ್ಪ ಏನು ಯೋಚಿಸಿದ್ದೀರೋ ನಾನು ಮೂಗು ತೂರಿಸುವುದಿಲ್ಲ. ಆದರೆ ಆ ರಕ್ತ ಪರೀಕ್ಷೆ ಮಾಡಿಸಿಕೊ. ಅಮ್ಮನನ್ನು ಕೇಳಿದರೆ, ಬಿಸ್ಕತ್ತಿನ ಡಬ್ಬಿಯಿಂದ ನಮ್ಮಿಬ್ಬರ ಶಾಲೆಯ ಲಸಿಕೆ ಕಾರ್ಡು ತೆಗೆದು, "ಇಬ್ರಿಗೂ ಹಾಕ್ಸಿದೆ, ನೋಡು, ಸೀಲು ಇದೆ" ಎಂದಳು. ಸೀಲು ಇದೆ, ನಿಜ. ಆದರೂ ಮಾಡಿಸಿಕೊ.

ನಿನ್ನ ಅಕ್ಕ


ಜನವರಿ ೨೫

ಅಕ್ಕಾ,

ಎರಡು ಪುಟ ಹಲ್ಲಿನ ಬಗ್ಗೆ ಬರೆದು ಕೊನೆಗೆ ಸೂಜಿ ಚುಚ್ಚುವ ಬುದ್ಧಿ ನಿನಗೆ ಎಲ್ಲಿಂದ ಬಂತು? ಸೀಲು ಇರುವಾಗ ಮತ್ತೆ ರಕ್ತ ಏಕೆ ಕೊಡಬೇಕು? ನನಗೆ ಸೂಜಿ ಕಂಡರೆ ಆಗದು ಅಂತ ನಿನಗೆ ಗೊತ್ತಿಲ್ಲವೇ?

ಅಂಗಡಿಯಲ್ಲಿ ಈಗ ಶಾಲೆಗಳ ಆಟೋಟದ ಬೂಟಿನ ಕಾಲ. ದಿನಕ್ಕೆ ಮೂವತ್ತು ನಲವತ್ತು ಮಕ್ಕಳ ಪಾದ ಅಳೆಯುತ್ತೇನೆ. ಮೊಣಕಾಲೂರಿ ಕೂತು ಅಳತೆ ಪಟ್ಟಿಯ ಮೇಲೆ ಹಿಮ್ಮಡಿ ಇಡಿಸಿದರೆ, ಎಲ್ಲವೂ ಬೆರಳು ಮಡಚಿಕೊಂಡುಬಿಡುತ್ತವೆ. ಬೆರಳು ಬಿಡಿಸಲು ನಾನು ಪಾದಕ್ಕೇ ಒಂದು ಕಥೆ ಹೇಳುತ್ತೇನೆ. ನಿನ್ನೆ ಒಬ್ಬಳು, "ಆಂಟೀ, ನನ್ ಕಾಲಿಗೆ ಕಿವಿ ಇಲ್ಲ" ಎಂದಳು. ನೀನು ನೆನಪಾದೆ, ನಗು ಬಂತು.

ಒಂದು ಕನಸು ಪದೇ ಪದೇ ಬೀಳುತ್ತಿದೆ. ಅಂಗಡಿ ಮುಚ್ಚಿದ ಮೇಲೆ ಡಬ್ಬಿಯೊಳಗಿನ ಪುಟ್ಟ ಬೂಟುಗಳೆಲ್ಲ ತಾವಾಗಿ ಹೊರಗೆ ಬಂದು, ಜೋಡಿ ಜೋಡಿಯಾಗಿ ಮೆಟ್ಟಿಲಿಳಿದು ಬೀದಿಗೆ ಹೋಗುತ್ತವೆ. ಸದ್ದೇ ಇಲ್ಲ. ನಾನು ಹಿಂದೆ ಹೋಗುತ್ತೇನೆ. ಒಂದು ಜೋಡಿ ಮಾತ್ರ ತಿರುಗಿ ನಿಲ್ಲುತ್ತದೆ. ಅಲ್ಲಿಗೆ ಎಚ್ಚರ. ಬಹಳ ಸುಖವಾದ ಕನಸು, ಎದ್ದ ಮೇಲೂ ಅರ್ಧ ಗಂಟೆ ಅದರಲ್ಲೇ ಇರುತ್ತೇನೆ. ಇವರು ಕೊಟ್ಟ ಚಹಾ ಆರಿಹೋಗುತ್ತದೆ.

ಚಹಾ ಕೂಡ ಈಗ ಸೇರುತ್ತಿಲ್ಲ. ಹೊಸ ಚರ್ಮದ ವಾಸನೆ, ಅಂಟಿನ ವಾಸನೆ, ಹೊಟ್ಟೆ ತೊಳಸುತ್ತದೆ.

ನಿನ್ನ ಬಾಲ


ಫೆಬ್ರವರಿ ೨

ಬಾಲಾ,

ನಿಮ್ಮ ಅಂಗಡಿಯವರು ಅಗ್ಗದ ಅಂಟು ತರಿಸಿರಬೇಕು. ಕಿಟಕಿ ತೆರೆದಿಡಲು ಹೇಳು. ಇಲ್ಲಿ ಮೇಣ ಕಾಯಿಸುವಾಗ ನಾವು ಬಾಗಿಲಿಗೆ ಇಟ್ಟಿಗೆ ಒತ್ತಿಡುತ್ತೇವೆ.

ನಾನು ಹೇಳಿದ್ದು ತಮಾಷೆಯಲ್ಲ. ಒಂದು ಸಣ್ಣ ಸೀಸೆ ರಕ್ತ, ಅಷ್ಟೇ. ಈ ತಿಂಗಳೇ ಹೋಗು. ತಡೆಶಕ್ತಿ ಇಲ್ಲವೆಂದರೆ ಲಸಿಕೆಯನ್ನು ಬಸಿರಾಗುವ ಮೊದಲೇ ಹಾಕಬೇಕು, ಆಮೇಲೆ ಹಾಕುವಂತಿಲ್ಲ. ಆಸ್ಪತ್ರೆಯ ದಾದಿಯ ಹತ್ತಿರ ಎರಡು ಸಲ ಬರೆಸಿಕೊಂಡು ಖಾತ್ರಿ ಮಾಡಿಕೊಂಡೆ. ಕಾರ್ಡು, ಸೀಲು ಎಂದು ವಾದ ಮಾಡಬೇಡ. ಸೀಲು ಹಾಕುವವರು ಮುಖ ನೋಡುವುದಿಲ್ಲ.

ಅಮ್ಮ ನಿನ್ನೆ ತಾನಾಗಿಯೇ ಆ ಮೂರು ದಿನದ ಕಥೆ ಹೇಳಿದಳು. ಪಕ್ಕದ ಮನೆಯ ಕೂಸಿಗೆ ಮೈಬಿಸಿ ಎಂದು ಎತ್ತಿಕೊಂಡು ತಿರುಗಿದಳಂತೆ. ಎರಡು ವಾರದ ಮೇಲೆ ತನಗೂ ಬಂತು. ಸೆಕೆ ಗುಳ್ಳೆ ಎಂದು ತಣ್ಣೀರು ಸ್ನಾನ ಮಾಡಿ ಮಲಗಿದಳು. "ಅಷ್ಟು ಚೆನ್ನಾಗಿ ನಿದ್ದೆ ಬಂದಿತ್ತು ಕಣೆ" ಎಂದು ಹೇಳಿ ಅತ್ತಳು. ಮೂವತ್ಮೂರು ವರ್ಷದಿಂದ ಆ ನಿದ್ದೆಗಾಗಿ ಅಳುತ್ತಿದ್ದಾಳೆ. ನಾನು ಅವಳ ತಲೆ ಸವರಿ, ಒಳ್ಳೆ ಹಲ್ಲು ಇರುವಾಗ ಅಳಬಾರದು, ನಕ್ಕುಬಿಡು ಎಂದೆ.

ನಿನ್ನ ಅಕ್ಕ


ಫೆಬ್ರವರಿ ೯

ಅಕ್ಕಾ,

ಇದನ್ನು ನಿನ್ನ ಕೆಲಸದ ವಿಳಾಸಕ್ಕೆ ಕಳುಹಿಸುತ್ತಿದ್ದೇನೆ. ಅಮ್ಮ ಓದಬಾರದು. ನೀನು ಕೂತುಕೊಂಡು ಓದು.

ನಾನು ಬಸುರಿ. ಎರಡು ತಿಂಗಳು. ನಿನ್ನ ಮೊದಲ ಕಾಗದ ಬಂದಾಗಲೇ ನನಗೆ ಅನುಮಾನವಿತ್ತು, ಎರಡನೆಯದು ಬಂದಾಗ ಖಾತ್ರಿಯಾಗಿತ್ತು. ಮೂರು ತಿಂಗಳು ತುಂಬಿದ ಮೇಲೆ ನಿಮಗೆಲ್ಲ ಹೇಳೋಣ ಎಂದು ಇವರು ಹೇಳಿದ್ದರು. ನನಗೂ ಆ ಗುಟ್ಟನ್ನು ಒಳಗೇ ಇಟ್ಟುಕೊಂಡು ತಿರುಗುವುದು ಇಷ್ಟವಾಗಿತ್ತು. ಬೀದಿಯಲ್ಲಿ ನಡೆಯುವಾಗ ನೀರಿನೊಳಗೆ ನಡೆದ ಹಾಗೆ ಇರುತ್ತಿತ್ತು.

ಹೋದ ವಾರ ನಾಲ್ಕು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಬೂಟು ಒಪ್ಪಲು ಅರ್ಧ ಗಂಟೆ ಮಾಡಿದಳು. ನನ್ನ ಕುತ್ತಿಗೆಗೆ ಜೋತುಬಿದ್ದು, ಮುಖಕ್ಕೆ ಮುಖವಿಟ್ಟು ಮಾತಾಡಿದಳು. ಕಿವಿಯ ಹಿಂದೆ ಗುಲಾಬಿ ಗುಳ್ಳೆ ಇತ್ತು. ಉಣ್ಣೆ ಟೋಪಿಯ ಸೆಕೆಗೆ ಎಂದರು ಅವರಮ್ಮ. ನಿನ್ನೆ ಅವರೇ ಅಂಗಡಿಗೆ ಫೋನ್ ಮಾಡಿ, "ಶಿಶುವಿಹಾರದಲ್ಲಿ ರುಬೆಲ್ಲಾ ಬಂದಿದ್ಯಂತೆ, ನಿಮ್ಮಲ್ಲಿ ಯಾರಾದ್ರೂ ಬಸುರಿ ಇದ್ರೆ ಹೇಳ್ಬಿಡಿ" ಎಂದರಂತೆ. ಪಾಪ, ಅಷ್ಟಾದರೂ ಮಾಡಿದರು.

ಇವರು ರಜೆ ಹಾಕಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಮದುವೆಯಾದಾಗ ಅಮ್ಮ ಕೊಟ್ಟ ಕಾರ್ಡಿನ ನಕಲು ಇತ್ತಲ್ಲ, ಅದನ್ನು ತೋರಿಸಿದರು. ಡಾಕ್ಟರಮ್ಮ ನೋಡಿ, "ಲಸಿಕೆ ಆಗಿದೆಯಲ್ಲ, ಏನೂ ಭಯ ಇಲ್ಲ, ನಿಶ್ಚಿಂತೆಯಾಗಿರಿ" ಎಂದು ನಕ್ಕು ಕಳಿಸಿದರು. ಇವರು ಬರುವ ದಾರಿಯಲ್ಲಿ ಶಿಳ್ಳೆ ಹಾಕಿಕೊಂಡು ಬಂದರು. ನಾನು ಕಾರ್ಡಿನ ನಕಲನ್ನು ಮಡಿಸುತ್ತಾ ಪಕ್ಕದಲ್ಲಿ ನಡೆದೆ.

ಆ ಸೂಜಿ ನನಗೆ ಬಿದ್ದಿಲ್ಲ ಅಕ್ಕ. ನಿನಗೆ ಬಿತ್ತು.

ನಿನಗೆ ಅದು ನೆನಪಿದೆಯೋ ಇಲ್ಲವೋ. ನೀನು ಹತ್ತನೆಯ ತರಗತಿ, ನಾನು ಆರನೆಯದು. ಶಾಲೆಯ ಸಭಾಂಗಣದಲ್ಲಿ ಹೆಣ್ಣುಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ದಾದಿ ಪಟ್ಟಿ ನೋಡಿಕೊಂಡು ಹೆಸರು ಕೂಗುತ್ತಿದ್ದಳು, ಎದುರಿಗೆ ಬಂದವರ ಮುಖ ನೋಡುತ್ತಿರಲಿಲ್ಲ. ನಿನ್ನ ಹೆಸರು ಕೂಗಿದಾಗ ನಿನ್ನ ಮಣಿಕಟ್ಟಿಗೆ ಎರಡು ಸಲ ತಟ್ಟುವುದು ನನ್ನ ಕೆಲಸವಾಗಿತ್ತು, ಎಲ್ಲ ಕಡೆಯೂ, ಯಾವಾಗಲೂ. ತಟ್ಟಿದೆ. ನೀನು ಹೋದೆ. ಹಾಕಿಸಿಕೊಂಡು ಬಂದು ನನ್ನ ಪಕ್ಕ ನಿಂತೆ. ಆಮೇಲೆ ನನ್ನ ಹೆಸರು ಕೂಗಿದರು. ನಾನು ಮತ್ತೆ ನಿನ್ನ ಮಣಿಕಟ್ಟಿಗೇ ಎರಡು ಸಲ ತಟ್ಟಿದೆ. ನೀನು ಮತ್ತೆ ಹೋದೆ.

ಸಂಜೆ ನಿನ್ನ ಎರಡೂ ತೋಳು ಊದಿತ್ತು. ಅಮ್ಮ ಕೇಳಿದಾಗ, ನನಗೆ ಎರಡು ಬೇಕಂತೆ ಎಂದು ಎರಡು ಬೆರಳು ತೋರಿಸಿ ಹೇಳಿದೆ ನೀನು. ಕಿವಿ ಕೇಳದವರಿಗೆ ಎರಡು ಹಾಕುತ್ತಾರೇನೋ ಎಂದು ಅಮ್ಮನೂ ನಂಬಿದಳು. ಆಮೇಲೆ ಎಷ್ಟು ವರ್ಷ ನೀನು ಆ ಕಥೆಯನ್ನು ಬಂದವರಿಗೆಲ್ಲ ಜಂಬದಿಂದ ಹೇಳಿಲ್ಲ! ಹೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ. ನಿನ್ನ ಕಿವಿ ನಾನು ಎಂದು ಎಲ್ಲರೂ ಹೊಗಳುತ್ತಿದ್ದರು. ಆ ಕಿವಿಯಿಂದಲೇ ನಿನಗೆ ಮೋಸ ಮಾಡಿದೆ. ಈಗ ಯಾರಿಗೆ ಹೇಳಲಿ? ಇವರಿಗೆ ಹೇಳಲು ನಾಚಿಕೆ, ಡಾಕ್ಟರಮ್ಮನಿಗೆ ಹೇಳಲು ಹೆದರಿಕೆ.

ಬಾಲ


ಫೆಬ್ರವರಿ ೧೩

ಬಾಲಾ,

ಈ ಕಾಗದ ಓದಿ ಮುಗಿಸುವ ಮೊದಲೇ ಚಪ್ಪಲಿ ಮೆಟ್ಟಿಕೊ. ಡಾಕ್ಟರಮ್ಮನ ಹತ್ತಿರ ಹೋಗಿ ಹೀಗೆ ಹೇಳು: ಕಾರ್ಡಿನಲ್ಲಿರುವುದು ನನ್ನ ಹೆಸರು, ಸೂಜಿ ಬಿದ್ದದ್ದು ನನ್ನ ಅಕ್ಕನಿಗೆ. ನಾಚಿಕೆಯಾದರೆ ಈ ಸಾಲನ್ನೇ ಕತ್ತರಿಸಿ ಅವರ ಮೇಜಿನ ಮೇಲಿಡು. ಲಿಫ್ಟಪ್ಪನಿಗೂ ಹೇಳು. ಅವನು ನಿನ್ನನ್ನು ತಿನ್ನುವುದಿಲ್ಲ.

ನನಗೆ ಗೊತ್ತಿತ್ತು ಕಣೆ. ದಾದಿಯ ತುಟಿ ನನಗೆ ಎದುರೇ ಇತ್ತು. ಅವಳು ನಿನ್ನ ಹೆಸರು ಹೇಳಿದ್ದನ್ನು ನೋಡಿದೆ. ನೀನು ತಟ್ಟುವ ಮೊದಲೇ ನೋಡಿದ್ದೆ. ಮೊದಲನೆಯದನ್ನು ಎಡತೋಳಿಗೆ ಹಾಕಿಸಿಕೊಂಡಿದ್ದೆ, ಎರಡನೆಯದಕ್ಕೆ ಬಲತೋಳು ಕೊಟ್ಟೆ, ಒಂದೇ ತೋಳಿನಲ್ಲಿ ಎರಡು ಗುರುತು ನೋಡಿ ದಾದಿ ಹಿಡಿದುಬಿಡುತ್ತಾಳೆ ಎಂದು. ತಿಳಿಯದವಳು ಹಾಗೆ ಮಾಡುತ್ತಾಳೆಯೇ, ಮಂಗ?

ಎಲ್ಲದಕ್ಕೂ ನೀನೇ ನನ್ನನ್ನು ಕಾಯುತ್ತಿದ್ದೆ. ರಸ್ತೆ ದಾಟಿಸುವುದು, ಅಂಗಡಿಯಲ್ಲಿ ಕೇಳುವುದು, ಹೆಸರು ಕೂಗಿದರೆ ತಟ್ಟುವುದು. ಒಂದು ಸಲವಾದರೂ ನಾನು ನಿನ್ನನ್ನು ಕಾಪಾಡಬೇಕು ಎನ್ನಿಸಿತು. ಹದಿನೈದು ವರ್ಷದ ಹುಡುಗಿಗೆ ಅದು ಎಂಥ ಸೂಜಿ ಎಂದು ಯಾರೂ ಹೇಳಿರಲಿಲ್ಲ. ಆ ಗೋಡೆಯ ಚಿತ್ರ ಓದಿದ ದಿನ ತಿಳಿಯಿತು. ಅವತ್ತೇ ನಿನಗೆ ನೇರವಾಗಿ ಬರೆಯಬೇಕಿತ್ತು. ಬರೆದರೆ ನೀನು ಇಷ್ಟು ವರ್ಷ ಬಚ್ಚಿಟ್ಟದ್ದು ಹೊರಗೆ ಬಂದು ನಾಚುತ್ತೀಯ ಎಂದು, ಪರೀಕ್ಷೆ ಮಾಡಿಸಿಕೊ ಎಂದು ಮಾತ್ರ ಬರೆದೆ. ಅಂಟಿನ ವಾಸನೆ ಎಂದು ನೀನು ಬರೆದಾಗಲೂ ನನಗೆ ಹೊಳೆಯಲಿಲ್ಲ. ತಪ್ಪು ಮಾಡಿದೆ.

ಹೋಗು, ಎದ್ದೇಳು.

ಅಕ್ಕ


ಫೆಬ್ರವರಿ ೨೨

ಅಕ್ಕಾ,

ಹೇಳಿದೆ. ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಸೂಜಿಗೆ ಹೆದರಿ ನಾನೂ ಶಾಲೆ ಶೌಚಾಲಯದಲ್ಲಿ ಅವಿತುಕೊಂಡಿದ್ದೆ, ಆದ್ರೆ ನನ್ ಬದಲು ಯಾರೂ ಹೋಗ್ಲಿಲ್ಲ" ಎಂದರು. ಆಗಲೇ ರಕ್ತ ತೆಗೆದರು. ಇವರು ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದರು, ನಾನು ನೋಡದಿರಲಿ ಎಂದು. ಇವರ ಅಂಗಿಯೆಲ್ಲ ಗ್ರೀಸಿನ ವಾಸನೆ. ಅದೊಂದು ವಾಸನೆ ಈಗ ನನಗೆ ಹಿತ.

ಫಲಿತಾಂಶ ಬಂತು. ತಡೆಶಕ್ತಿ ಇಲ್ಲ. ಒಂದಿಷ್ಟೂ ಇಲ್ಲವಂತೆ.

ಅಂದರೆ ಆ ಹುಡುಗಿಯಿಂದ ಜ್ವರ ಅಂಟಿರಬಹುದು, ಅಂಟದೆಯೂ ಇರಬಹುದು. ಗುಳ್ಳೆಯೇಳದೆಯೂ ಒಳಗೊಳಗೇ ಬಂದು ಹೋಗಬಹುದಂತೆ. ಇನ್ನೂ ಮೂರು ನಾಲ್ಕು ವಾರ ಕಾದು ಮತ್ತೆ ರಕ್ತ ನೋಡಬೇಕು. ಈಗ ಲಸಿಕೆ ಹಾಕುವಂತಿಲ್ಲ. ಹೆರಿಗೆಯಾದ ಮೇಲೆಯೇ. ಅಂಗಡಿ ಬಿಟ್ಟುಬಿಡಿ, ಮಕ್ಕಳಿರುವ ಕಡೆ ಹೋಗಬೇಡಿ ಎಂದರು. ಬಿಟ್ಟೆ. ಅಳತೆ ಪಟ್ಟಿಯನ್ನು ಒರೆಸಿ ಮೊಳೆಗೆ ತೂಗುಹಾಕಿ ಬಂದೆ.

ಈಗ ಒಂದು ಕೆಟ್ಟ ಮಾತು ಬರೆಯುತ್ತೇನೆ. ನಿನಗಲ್ಲದೆ ಯಾರಿಗೂ ಬರೆಯಲಾರೆ, ನಿನಗಂತೂ ಬರೆಯಲೇಬಾರದು. ಮಗು ನಿನ್ನ ಹಾಗೆ ಆಗಿಬಿಟ್ಟರೆ ಎಂದು ನನಗೆ ಹೆದರಿಕೆ. ಹಗಲೂ ರಾತ್ರಿ ಬೇಡ ಬೇಡ ಎಂದು ಬೇಡಿಕೊಳ್ಳುತ್ತೇನೆ. ಬೇಡಿಕೊಳ್ಳುವಾಗ ನಿನ್ನ ಮುಖ ಬರುತ್ತದೆ. ನನ್ನ ಬದುಕಿನಲ್ಲಿ ನಿನ್ನಷ್ಟು ಒಳ್ಳೆಯವರು ಯಾರೂ ಇಲ್ಲ. ಆದರೂ ಬೇಡ ಎನ್ನುತ್ತಿದ್ದೇನೆ. ನೀನು ಏನಾದರೂ ಬರೆ.

ಬಾಲ


ಮಾರ್ಚ್ ೬

ಬಾಲಾ,

ಕಾಗದ ತಲುಪಿತು. ಹಾಲು, ಹಣ್ಣು ಬಿಡಬೇಡ. ಇಲ್ಲಿ ಹೊಸ ಪ್ಲಾಸ್ಟರಿನ ಚೀಲ ಬಂದಿದೆ, ತುಂಬ ಬೇಗ ಗಟ್ಟಿಯಾಗುತ್ತದೆ, ನೀರು ಹೆಚ್ಚು ಬೇಕು. ಅಮ್ಮನಿಗೆ ನೀನು ಬಸುರಿ ಎಂದಷ್ಟೇ ಹೇಳಿದ್ದೇನೆ. ಉಳಿದದ್ದು ಹೇಳಿಲ್ಲ.

ಅಕ್ಕ


ಮಾರ್ಚ್ ೧೧

ಅಕ್ಕಾ,

ಐದು ಸಾಲು. ಅದರಲ್ಲಿ ಎಲ್ಲಕ್ಕಿಂತ ಉದ್ದದ್ದು ಪ್ಲಾಸ್ಟರಿಗೆ.

ನಿನಗೆ ಸಿಟ್ಟು ಬಂದಿದೆ. ಬರಬೇಕಾದ್ದೇ. ನಾನು ಬರೆದದ್ದು ಹಾಗಿತ್ತು. ಕಾಗದ ಅಂಚೆಗೆ ಹಾಕಿದ ಕೂಡಲೇ ಡಬ್ಬಿಯೊಳಗೆ ಕೈ ತೂರಿಸಿ ವಾಪಸ್ಸು ತೆಗೆಯಲು ನೋಡಿದೆ. ಮೊಣಕೈಯವರೆಗೂ ಹೋಗಿ ಸಿಕ್ಕಿಕೊಂಡಿತು. ಅಂಚೆಯವರು ಬಂದು ಬಿಡಿಸಿದರು.

ಇಲ್ಲಿ ಈಗ ದಿನವೆಲ್ಲ ಮಂಜು. ಆರನೆಯ ಮಹಡಿಯಲ್ಲಿ ಕೂತರೆ ಕೆಳಗಿನ ಬೀದಿ ಕಾಣುವುದಿಲ್ಲ, ಬಸ್ಸಿನ ಸದ್ದು ಮಾತ್ರ ಎಲ್ಲಿಂದಲೋ ಬರುತ್ತದೆ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚುತ್ತೇನೆ, ತೆರೆಯುತ್ತೇನೆ, ಎರಡಕ್ಕೂ ವ್ಯತ್ಯಾಸವಿಲ್ಲ. ಗೋಡೆಯ ಹಿಂದೆ ಲಿಫ್ಟು ಏರುವುದು ಇಳಿಯುವುದು ಬೆನ್ನಿಗೆ ತಿಳಿಯುತ್ತದೆ. ಯಾವ ವಾರ ಎಂದು ಮರೆತು ಕ್ಯಾಲೆಂಡರ್ ನೋಡಲು ಏಳುತ್ತೇನೆ, ನೋಡಿ ಕೂರುತ್ತೇನೆ, ಮತ್ತೆ ಮರೆಯುತ್ತೇನೆ. ಕನ್ನಡಿಯ ಮುಂದೆ ನಿಂತು ಕಿವಿಯ ಹಿಂದೆ ನೋಡಿಕೊಳ್ಳುತ್ತೇನೆ. ಏನೂ ಇಲ್ಲ.

ನಿನ್ನೆ ಮಧ್ಯಾಹ್ನ ಅಲ್ಲೇ ತೂಕಡಿಸಿದೆ. ಮಂಜಿನೊಳಗಿಂದ ಎರಡು ಪುಟ್ಟ ಕೈ ಬಂದವು. ನಮ್ಮ ಕೈಮಾತಿನಲ್ಲಿ ಏನೋ ಹೇಳತೊಡಗಿದವು. ನೀನೂ ನಾನೂ ಅಡುಗೆಮನೆಯ ಮೇಜಿನ ಕೆಳಗೆ ಕೂತು ಕಟ್ಟಿದ ಮಾತು, ಅಮ್ಮನಿಗೂ ಬರದ್ದು, ಈ ಲೋಕದಲ್ಲಿ ನಮ್ಮಿಬ್ಬರಿಗೆ ಮಾತ್ರ ಬರುವುದು. ಆ ಕೈ ಅದನ್ನು ಎಷ್ಟು ಚೆನ್ನಾಗಿ ಆಡುತ್ತಿತ್ತು ಅಕ್ಕ! ನನಗೇ ಅರ್ಧ ಮರೆತುಹೋಗಿತ್ತು. ನಿಧಾನ, ನಿಧಾನ ಎನ್ನುತ್ತಿದ್ದೆ. ಎಚ್ಚರವಾದಾಗ ಅತ್ತಿದ್ದೆ, ಹೆದರಿಕೆಗೋ ಸಂತೋಷಕ್ಕೋ ತಿಳಿಯಲಿಲ್ಲ.

ಬೈದಾದರೂ ಬರೆ.

ಬಾಲ


ಮಾರ್ಚ್ ೧೬

ಬಾಲಾ,

ಸಿಟ್ಟಿಲ್ಲ. ದೇವರಾಣೆಗೂ ಇಲ್ಲ. ನೀನು ಬರೆದದ್ದರಲ್ಲಿ ತಪ್ಪೇನಿಲ್ಲ. ಆ ತೂತು ಹೊಲಿಯಲು ನಾಲ್ಕನೆಯ ವರ್ಷದಲ್ಲಿ ನನ್ನ ಎದೆ ಬಿಚ್ಚಿದಾಗ ಅಮ್ಮ ಒಂಬತ್ತು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಅದು ನಿನಗೆ ಬೇಡ.

ನಿನ್ನ ಕನಸಿನ ಬಗ್ಗೆ ಇನ್ನು ಬರೆಯಬೇಡ. ಏಕೆಂದು ಕೇಳಬೇಡ.

ಅಕ್ಕ


ಮಾರ್ಚ್ ೨೧

ಅಕ್ಕಾ,

ಬಂದಿಲ್ಲ! ಎರಡನೆಯ ರಕ್ತವೂ ಮೊದಲಿನ ಹಾಗೇ ಇದೆ. ಜ್ವರ ನನ್ನನ್ನು ಮುಟ್ಟಿಲ್ಲ. ಡಾಕ್ಟರಮ್ಮ ಕಾಗದವನ್ನು ನನ್ನ ಕೈಗೇ ಕೊಟ್ಟು, "ನೀವೇ ಓದ್ಕೊಳ್ಳಿ" ಎಂದರು. ಓದಲು ಆಗಲಿಲ್ಲ, ಅಕ್ಷರವೆಲ್ಲ ಈಜುತ್ತಿತ್ತು. ಇವರು ಓದಿ ಹೇಳಿದರು. ಆಸ್ಪತ್ರೆಯ ಲಿಫ್ಟಿನಲ್ಲಿ ಸುಮ್ಮನೆ ಮೂರು ಸಲ ಮೇಲೆ ಕೆಳಗೆ ಹೋಗಿಬಂದೆವು.

ಇನ್ನೂ ಮಕ್ಕಳ ಹತ್ತಿರ ಹೋಗುವಂತಿಲ್ಲ. ನಾಲ್ಕನೆಯ ತಿಂಗಳು ಕಳೆದು ಐದು ತುಂಬಿದರೆ ಭಯ ಬಹಳ ಕಮ್ಮಿಯಂತೆ. ಕಾಯುತ್ತೇನೆ. ಈಗ ಕಾಯಲು ಕಷ್ಟವಿಲ್ಲ.

ಅಮ್ಮನಿಗೆ ಈಗ ಎಲ್ಲ ಹೇಳು. ಅವಳು ಅಳುವುದಾದರೆ ಇದಕ್ಕೂ ಒಂದು ಸಲ ಅಳಲಿ.

ಬಾಲ


ಸೆಪ್ಟೆಂಬರ್ ೧೬

ಅಕ್ಕಾ,

ಅಮ್ಮನಿಗೆ ಫೋನಿನಲ್ಲಿ ಇವರು ಹೇಳಿದ್ದನ್ನು ಅಮ್ಮ ನಿನಗೆ ಹೇಳಿರುತ್ತಾಳೆ. ನಾನು ಇಷ್ಟು ತಿಂಗಳು ಬರೆದದ್ದು ಕಮ್ಮಿ, ನೀನು ಬರೆದದ್ದು ಅದಕ್ಕಿಂತ ಕಮ್ಮಿ. ಹಬೆ ಕಟ್ಟಿದ ಗಾಜಿನ ಆಚೆ ಈಚೆ ನಿಂತ ಹಾಗಿದ್ದೆವು. ಆದರೂ ಇದನ್ನು ನಾನೇ ಬರೆಯಬೇಕು.

ಮಗಳು. ಮೂರು ಕಿಲೋಗೆ ಸ್ವಲ್ಪ ಕಮ್ಮಿ. ತಲೆ ತುಂಬ ಕೂದಲು. ಎದೆಗೆ ಕಿವಿಯಿಟ್ಟು ಕೇಳಿದರು, ಕಣ್ಣಿಗೆ ದೀಪ ಬಿಟ್ಟು ನೋಡಿದರು, ಎಲ್ಲ ಸರಿಯಿದೆ.

ಮೂರನೆಯ ದಿನ ಬೆಳಗ್ಗೆ ದಾದಿ ಒಂದು ತಟ್ಟೆ ಹಿಡಿದು ಬಂದಳು. ಪಟ್ಟಿ ನೋಡಿ, "ನಿಮ್ಗೆ ರುಬೆಲ್ಲಾ ಲಸಿಕೆ ಹಾಕ್ಬೇಕು ಅಂತ ಬರ್ದಿದೆ. ಮನೇಗೆ ಹೋಗೋಕೆ ಮುಂಚೆ ಹಾಕ್ಬಿಡ್ತೀನಿ. ಹಾಲು ಕುಡಿಸ್ಬಹುದು, ಏನೂ ಆಗಲ್ಲ" ಎಂದಳು. ತೋಳು ಕೊಟ್ಟೆ. ಕಣ್ಣು ಮುಚ್ಚಲಿಲ್ಲ. ಇಷ್ಟೇನಾ ಎನ್ನಿಸಿತು. ಇಷ್ಟಕ್ಕೆ ಹದಿನೆಂಟು ವರ್ಷ ಹೆದರಿದೆನಲ್ಲ ಎಂದು ನಗು ಬಂದು ಹೊಲಿಗೆ ನೋವಾಯಿತು. ಪಕ್ಕದ ಹಾಸಿಗೆಯವಳನ್ನೂ ಕೇಳಿದೆ, ನೀನೂ ರಕ್ತ ನೋಡಿಸಿಕೊಂಡಿದ್ದೀಯಾ ಎಂದು. "ಅದ್ಯಾವ್ದು?" ಎಂದಳು. ಒಂದು ಗಂಟೆ ಪಾಠ ಮಾಡಿದೆ. ನೀನಿದ್ದಿದ್ದರೆ ನಗುತ್ತಿದ್ದೆ.

ಈಗ ಬರೆಯಲು ಕಷ್ಟವಾದದ್ದು. ಅವತ್ತು ಮಧ್ಯಾಹ್ನ ಮಗು ನಿದ್ದೆ ಮಾಡುತ್ತಿತ್ತು. ಯಾರೋ ವಾರ್ಡಿನ ಬಾಗಿಲನ್ನು ಧಡಾರನೆ ಹಾಕಿದರು. ಮಗಳು ಬೆಚ್ಚಿಬಿದ್ದು ಎರಡೂ ಕೈ ಮೇಲೆತ್ತಿದಳು. ಕೇಳಿಸಿತು ಅವಳಿಗೆ. ನಾನು ಜೋರಾಗಿ ಅತ್ತುಬಿಟ್ಟೆ, ಅಷ್ಟು ಸಂತೋಷ. ಜೀವಮಾನದಲ್ಲಿ ಅಷ್ಟು ಸಂತೋಷ ಪಟ್ಟಿಲ್ಲ. ಆಮೇಲೆ ನೀನು ನೆನಪಾದೆ. ಇದನ್ನು ನಿನಗೆ ಹೇಗೆ ಬರೆಯಲಿ ಎಂದು ಕೂತೆ. ಬರೆಯದಿದ್ದರೆ ಅದೂ ಇನ್ನೊಂದು ಬಚ್ಚಿಟ್ಟ ಮಾತಾಗುತ್ತದೆ. ಅದಕ್ಕೇ ಬರೆದಿದ್ದೇನೆ.

ಬಾಲ


ಸೆಪ್ಟೆಂಬರ್ ೨೧

ಬಾಲಾ,

ಕಾಗದ ಬಂದಾಗ ಕೆಲಸದ ಬೆಂಚಿನ ಮುಂದಿದ್ದೆ. ಓದಿ ಎದ್ದು ಕುಣಿದೆ ಕಣೆ, ನಿಜವಾಗಿಯೂ. ಬಿಸಿ ಮೇಣ ಕೈಮೇಲೆ ಬಿತ್ತೇನೋ ಎಂದು ಯಜಮಾನರು ಓಡಿಬಂದರು. ನನ್ನ ತಂಗಿಯ ಮಗಳಿಗೆ ಕಿವಿ ಕೇಳಿಸುತ್ತದೆ ಎಂದು ಬಾಯಿಬಿಟ್ಟು ಹೇಳಿದೆ. ನನ್ನ ದನಿ ಹೇಗಿದೆಯೋ ನನಗೆ ಗೊತ್ತಿಲ್ಲ, ಅವರು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು.

ಇದು ನಿಜವಾದ ಸಂತೋಷ. ಇದನ್ನು ಮೊದಲು ನಂಬು. ಆಮೇಲೆ ಮುಂದಿನದು ಓದು.

ಮಾರ್ಚಿನಲ್ಲಿ ನಾನು ಐದು ಸಾಲು ಬರೆದದ್ದು ಸಿಟ್ಟಿನಿಂದಲ್ಲ. ನೀನು ಬೇಡ ಬೇಡ ಎನ್ನುತ್ತಿದ್ದಾಗ ನಾನು ಇಲ್ಲಿ ಕೂತು ಬರಲಿ ಎಂದುಕೊಳ್ಳುತ್ತಿದ್ದೆ. ಒಂದು ದಿನವಲ್ಲ, ಮೂರು ವಾರ. ಕಿವಿ ಕೇಳದ ಒಂದು ಮಗು. ನನ್ನದಲ್ಲದಿದ್ದರೂ ನನ್ನ ಕಡೆಯದು. ಬೆಳಗ್ಗೆ ಹತ್ತರ ಬಿಸಿಲಿನಲ್ಲಿ ಅದು ನನ್ನ ಪಕ್ಕ ಸ್ಟೂಲಿನ ಮೇಲೆ ಕೂರುತ್ತಿತ್ತು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಾನು ಅದಕ್ಕೆ ನಮ್ಮ ಮಾತು ಕಲಿಸುತ್ತಿದ್ದೆ. ನೀನು ಹೋದ ಮೇಲೆ ನನ್ನ ಕೈಗೆ ಮಾತಾಡಲು ಯಾರೂ ಇಲ್ಲ ಬಾಲ. ಅಮ್ಮನ ತುಟಿ, ಯಜಮಾನರ ತುಟಿ, ಎಲ್ಲರ ತುಟಿ ಓದಿ ಓದಿ ಸಂಜೆಗೆ ಕಣ್ಣು ಉರಿಯುತ್ತದೆ. ಕೈ ಮಾತ್ರ ಸುಮ್ಮನೆ ತೊಡೆಯ ಮೇಲೆ ಬಿದ್ದಿರುತ್ತದೆ. ಆ ಮೂರು ವಾರ ಅದು ತಾನಾಗಿ ಆಡುತ್ತಿತ್ತು. ಪಕ್ಕದ ಬೆಂಚಿನವಳು ನೋಡಿದರೆ ಕೈಯನ್ನು ಏಪ್ರನ್ನಿನ ಕೆಳಗೆ ಅಡಗಿಸುತ್ತಿದ್ದೆ.

ಆಗಲೇ ನಿನ್ನ ಕನಸಿನ ಕಾಗದ ಬಂತು, ಎರಡು ಪುಟ್ಟ ಕೈ ಎಂದು. ನಾನೇ ಬಯಸಿ ಬಯಸಿ ನಿನ್ನ ಮನೆಗೆ ಕಳಿಸಿದೆನೇನೋ ಎನ್ನಿಸಿತು. ಮಗುವಿನ ಎದೆಯಲ್ಲಿ ತೂತು ಇರಬಹುದು, ಕಣ್ಣು ಹೋಗಬಹುದು, ಬದುಕದೆಯೂ ಇರಬಹುದು. ಇದೆಲ್ಲ ತಿಳಿದೂ ಬಯಸಿದೆ. ಅದನ್ನು ಹೇಳದೆ ಬರೆದರೆ ಸುಳ್ಳು, ಹೇಳಿ ಬರೆದರೆ ನೀನು ನನಗೆ ಉಳಿಯುವುದಿಲ್ಲ. ಅದಕ್ಕೇ ಪ್ಲಾಸ್ಟರಿನ ಬಗ್ಗೆ ಬರೆದೆ. ಪರೀಕ್ಷೆ ಚೆನ್ನಾಗಿ ಬಂತು ಎಂದು ನೀನು ಬರೆದ ದಿನ ನನಗೆ ಹಗುರವಾಯಿತು, ನಿಜವಾಗಿ. ಅದರ ಜೊತೆಗೇ ಪಕ್ಕದ ಸ್ಟೂಲು ಖಾಲಿಯಾಯಿತು. ಅದೂ ನಿಜ.

ನೀನು ಹನ್ನೊಂದನೆಯ ವಯಸ್ಸಿನಲ್ಲಿ ಮಾಡಿದ್ದಕ್ಕೆ ಇಷ್ಟು ವರ್ಷ ನೊಂದೆ. ನಾನು ಮೂವತ್ಮೂರರಲ್ಲಿ ಮಾಡಿದ್ದಕ್ಕೆ ಈಗ ಕ್ಷಮೆ ಕೇಳುತ್ತಿದ್ದೇನೆ.

ಮುಂದಿನ ಭಾನುವಾರದ ರೈಲಿಗೆ ಟಿಕೆಟ್ ತೆಗೆದಿದ್ದೆ, ಇದನ್ನು ಬರೆಯುವ ಮೊದಲು. ನಾನು ಬರುವುದು ಬೇಡವೆನ್ನಿಸಿದರೆ ಲಿಫ್ಟಪ್ಪನ ಹತ್ತಿರ ಅಮ್ಮನಿಗೆ ಫೋನ್ ಮಾಡಿಸು. ಏನೂ ಅಂದುಕೊಳ್ಳುವುದಿಲ್ಲ.

ಅಕ್ಕ


ಸೆಪ್ಟೆಂಬರ್ ೨೬

ಅಕ್ಕಾ,

ಸುಳ್ಳು ಹೇಳುವುದಿಲ್ಲ. ಓದಿದ ಕೂಡಲೇ ಮಗಳನ್ನು ಎದೆಗೆ ಅವಚಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡೆ. ನಿನ್ನ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ. ಇವರು ಬಾಗಿಲು ತಟ್ಟಿದರೂ ತೆರೆಯಲಿಲ್ಲ. ಕಾಗದವನ್ನು ಮುದುರಿ ಎಸೆದೆ. ಆಮೇಲೆ ಮಗು ಹಾಲು ಕುಡಿದು ಮಲಗಿದ ಮೇಲೆ ಆ ಕಾಗದವನ್ನು ಹೆಕ್ಕಿಕೊಂಡು ಬಂದು, ಮಂಡಿಯ ಮೇಲೆ ಒತ್ತಿ ನೇರ ಮಾಡಿ, ಮತ್ತೆ ಓದಿದೆ. ಪಕ್ಕದ ಸ್ಟೂಲು ಎಂಬಲ್ಲಿಗೆ ಬಂದು ನಿಂತುಬಿಟ್ಟೆ.

ಇಷ್ಟು ವರ್ಷದಲ್ಲಿ ನೀನು ನಿನಗೆಂದು ಏನಾದರೂ ಬೇಕು ಎಂದದ್ದು ನಾನು ಕೇಳಿದ್ದೇ ಇಲ್ಲ. ನಿನ್ನ ಕಿವಿ ನಾನು ಎಂದು ಬೀಗಿದೆ, ಮದುವೆಯಾಗಿ ಇಷ್ಟು ದೂರ ಬಂದೆ, ನಿನ್ನ ಕೈ ಏನು ಮಾಡುತ್ತಿದೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ನಿನ್ನೆಯಿಂದ ಮಗಳ ಹತ್ತಿರ ಬಾಯಲ್ಲಿ ಹೇಳಿದ್ದನ್ನೆಲ್ಲ ಕೈಯಲ್ಲೂ ಹೇಳುತ್ತಿದ್ದೇನೆ. ಹಾಲು, ನಿದ್ದೆ, ಅಪ್ಪ ಬಂದ. ಅರ್ಧಕ್ಕರ್ಧ ಮರೆತಿದೆ, ತಪ್ಪು ತಪ್ಪಾಗಿ ಆಡುತ್ತಿದ್ದೇನೆ. ಅವಳಿಗೆ ಇನ್ನೂ ಎರಡು ವಾರ, ಏನು ತಿಳಿಯುತ್ತದೆ ಎಂದು ಇವರು ನಗುತ್ತಾರೆ. ಆದರೆ ಅವಳು ನನ್ನ ಬಾಯಿ ನೋಡುವುದಿಲ್ಲ ಅಕ್ಕ. ಕೈಯನ್ನೇ ನೋಡುತ್ತಾಳೆ.

ಫೋನ್ ಮಾಡಿಸುವುದಿಲ್ಲ. ಭಾನುವಾರ ಬಾ.

ಬಾಲ